ಹಳ್ಳದ ಪರವಾಗಿ ದಲಾಲಿ

ಇಪ್ಪತ್ತನಾಲ್ಕು ಅಡಿ ಅಗಲದ ಹಳ್ಳವೊಂದನ್ನು ಎರಡು ಅಡಿಗೆ ಇಳಿಸಿಕೊಳ್ಳುವುದು ಈ ವ್ಯವಹಾರದ ವಿಷಯ. ಅದು ಇಳಿಯದಿದ್ದರೆ ಬೆಟಗೇರಿಯ ನನ್ನ ನೂಲಿನ ಅಂಗಡಿಯನ್ನು ಕೆಡವಬೇಕಾಗಿತ್ತು. ಅಂಗಡಿ ನಿಂತದ್ದು ಹಳ್ಳದ ನಟ್ಟನಡುವೆ.

ಸದರಿ ಹಳ್ಳವು ಶಿರಹಟ್ಟಿ ಕಡೆಯ ಗುಡ್ಡದಲ್ಲಿ ಹುಟ್ಟಿ, ಹೊಲಗಳ ಬದಿಗೆ ಹಾದು, ರೈಲು ಹಳಿಯ ಕೆಳಗೆ ನುಸುಳಿ ನಮ್ಮ ಓಣಿಗೆ ಬರುತ್ತದೆ. ವರ್ಷದಲ್ಲಿ ಹನ್ನೊಂದು ತಿಂಗಳು ಬರುವುದಿಲ್ಲ. ಇಷ್ಟು ದಿನ ಬಾಗಿಲು ಹಾಕಿದವರ ಜಾಗವನ್ನು ಪೇಟೆಯಲ್ಲಿ ಯಾರೂ ಕಾದಿಡುವುದಿಲ್ಲ, ನಾವೂ ಇಡಲಿಲ್ಲ.

ಹಳ್ಳಗಳ ಅಗಲ ನಿಗದಿ ಮಾಡುವ ಕಚೇರಿಯಿಂದ ಕನಕರಾಜ ಸಾಹೇಬರು ಟೇಪು ಹಿಡಿದು ಬಂದರು. ನಕ್ಷೆಯಂತೆ ಅಳೆದರೆ ಟೇಪು ನನ್ನ ಗಲ್ಲಾ ದಾಟಿ, ಪಕ್ಕದ ಬಣ್ಣಗಾರ ನಿಜಾಮುದ್ದೀನನ ಹಂಡೆಯವರೆಗೆ ಹೋಗುತ್ತಿತ್ತು. ನಾನು ಚಹಾ ತರಿಸಿ, ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹಾಸಿದೆ. ಲಕ್ಷ್ಮೇಶ್ವರದಲ್ಲಿ ಕಾಳಿನ ದಲಾಲಿ ಮಾಡಿದವನು ನಾನು. ಟವೆಲ್ಲಿನಡಿ ಬೆರಳು ಹಿಡಿದು ದರ ಮುರಿಯುವುದು ನಮ್ಮ ಪದ್ಧತಿ. ಇಲ್ಲಿ ಬೆರಳಿಗೊಂದು ಅಡಿ. ಇಪ್ಪತ್ತನಾಲ್ಕು ಬೆರಳು ಯಾರಿಗೂ ಇಲ್ಲವಾದ್ದರಿಂದ ನಕ್ಷೆಯ ಮಾತು ಮೊದಲೇ ಬಿದ್ದುಹೋಯಿತು. ಸಾಹೇಬರು ನನ್ನ ಐದೂ ಬೆರಳು ಹಿಡಿದರು. ನಾನು ಅವರ ಒಂದನ್ನು ಹಿಡಿದೆ. ಎರಡಕ್ಕೆ ತೀರ್ಮಾನವಾಯಿತು. ಸಾಹೇಬರ ಮನೆಗೆ ಎರಡು ಸೀರೆ ಹೋದವು. ಅಳತೆಯ ಖರ್ಚು ಅಂಗಡಿಯವರೇ ಭರಿಸಬೇಕೆಂಬ ನಿಯಮವಿದೆ.

ಬಾಗಿಲ ಮುಂದೆ ಪಲ್ಲೆ ಮಾರುವ ಮುತ್ತವ್ವ ಎಲ್ಲ ನೋಡುತ್ತಿದ್ದಳು. "ಸಾಹೇಬ್ರ, ಮಾಲಕನ ಕೈ ಟವೆಲ್ಲಿನ್ಯಾಗ ಇಲ್ದ ವ್ಯವಹಾರ ಹೆಂಗ ಮುಗೀತರಿ? ಹಳ್ಳದ ಕೈ ಎಲ್ಲೈತಿ?"

ಆಕ್ಷೇಪಣೆ ಬಂದ ಮೇಲೆ ಸಾಹೇಬರು ಮೇಲಿನವರಿಗೆ ಬರೆಯಲೇಬೇಕಾಯಿತು. ಆದೇಶ ಬಂತು: "ಹಳ್ಳಕ್ಕೆ ಕೈಗಳಿಲ್ಲದಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಆದಕಾರಣ ಅನುಭವಸ್ಥ ದಲಾಲರೊಬ್ಬರನ್ನು ಹಳ್ಳದ ಪರವಾಗಿ ನೇಮಿಸತಕ್ಕದ್ದು." ಓಣಿಯಲ್ಲಿ ಅಂಥವನು ನಾನೊಬ್ಬನೇ.

ಹೀಗಾಗಿ ಟವೆಲ್ಲಿನಡಿ ನನ್ನ ಎಡಗೈ ಹಳ್ಳದ್ದು, ಬಲಗೈ ಅಂಗಡಿಯದು, ಸಾಹೇಬರು ಸಾಕ್ಷಿ. ಪಕ್ಷಪಾತ ನನ್ನ ಸ್ವಭಾವವಲ್ಲ. ಹಳ್ಳದ ಪರ ಬಿಗಿಯಾಗಿಯೇ ಹಿಡಿದೆ, ಬೆವರೂ ಬಂತು.

"ಜಲ್ದಿ ಮುಗಸ್ರಿ ಸಾವ್ಕಾರ್ರ," ಎಂದ ನಿಜಾಮುದ್ದೀನ. "ನಿಮ್ಮ ಎರಡೂ ಕೈಗಿ ಜಗಳ ಹತ್ತಿದ್ರ ಬಿಡಸಾಕ ಯಾರು ಬರಬೇಕು?"

ಕೊನೆಗೆ ಎರಡೂವರೆಗೆ ಒಪ್ಪಿದೆವು. ಅರ್ಧ ಅಡಿ ಹಳ್ಳಕ್ಕೆ ಲಾಭ. ಜೊತೆಗೊಂದು ಷರತ್ತು: ಹಳ್ಳವು ಪೇಟೆಯ ರಜೆಯಾದ ಸೋಮವಾರ ಮಾತ್ರ ಬರತಕ್ಕದ್ದು.

ಆ ಮಳೆಗಾಲದಲ್ಲಿ ಹಳ್ಳ ಗುರುವಾರ ಬಂತು. ಅದೂ ನಕ್ಷೆಯ ಪ್ರಕಾರ. ನನ್ನ ನೂಲಿನ ಮೂಟೆಗಳು ತೇಲಿಹೋಗಿ ನಿಜಾಮುದ್ದೀನನ ಹಂಡೆಯಲ್ಲಿ ಗಿರಾಕಿ ಕೇಳದ ಬಣ್ಣ ಕುಡಿದವು. ಅಂಗಡಿಕಾರನಾಗಿ ನಾನು ಕರಾರು ಭಂಗದ ದೂರು ಕೊಟ್ಟೆ. ದಲಾಲನಾಗಿ ಹಳ್ಳದ ತಪ್ಪು ಒಪ್ಪಿಕೊಂಡೆ. ಇಷ್ಟು ಬೇಗ ಇತ್ಯರ್ಥವಾದ ಪ್ರಕರಣವನ್ನು ಕಚೇರಿ ಕಂಡಿರಲಿಲ್ಲ. ಹಳ್ಳದ ಬಳಿ ಆಸ್ತಿ ಏನಿದೆ ಎಂದು ವಿಚಾರಿಸಿದರು. ಇದ್ದದ್ದು ಎರಡೂವರೆ ಅಡಿ. ಅದನ್ನು ಜಪ್ತಿ ಮಾಡಿ ನಷ್ಟಪರಿಹಾರವೆಂದು ನನಗೆ ಕೊಟ್ಟರು.

"ಇನ್ನ ನೀರು ಬಂದ್ರ?" ಮುತ್ತವ್ವ ಕೇಳಿದಳು.

"ಹಳ್ಳನ ಇಲ್ಲಂದ ಮ್ಯಾಲೆ ಹೆಂಗ ಬರ್ತೈತಿ ಯವ್ವಾ? ಬಂದದ್ದು ಬರೇ ತೇವ," ಎಂದರು ಸಾಹೇಬರು.

ಓಣಿ ಒಪ್ಪಿತು. ಈಗ ಗಿರಾಕಿಗಳು ಚಪ್ಪಲಿ ಕೈಯಲ್ಲಿ ಹಿಡಿದೇ ಒಳಗೆ ಬರುತ್ತಾರೆ, ಯಾರೂ ಕಾರಣ ಕೇಳುವುದಿಲ್ಲ. ಒಟ್ಟು ಗಳಿಕೆ: ಇಡೀ ಹಳ್ಳ, ಮೊಣಕಾಲುದ್ದ ತೇವ ಸಮೇತ.