ಕಾದಿರಿಸಿದ ಮರಿಗಳು

ಬೆಳಿಗ್ಗೆ ಏಳೂಕಾಲಿಗೆ ಬೂದಿ ಎಂಬ ಮೊಲ ತನ್ನ ಕತ್ತಿನ ಕೆಳಗಿನ ರೋಮವನ್ನು ತಾನೇ ಕಿತ್ತು ಗೂಡಿನ ಮೂಲೆಯಲ್ಲಿ ಒಟ್ಟುತ್ತಿತ್ತು. ಹಲ್ಲುಜ್ಜುತ್ತಿದ್ದ ಚೀಟಿರಾಯರು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅದರೆದುರು ಕುಕ್ಕರಗಾಲಲ್ಲಿ ಕೂತರು. ಮೊಲ ಅವರತ್ತ ತಿರುಗಿಯೂ ನೋಡದೆ ಒಂದು ಬಾಯಿ ಒಣಹುಲ್ಲು ಕಚ್ಚಿ, ಎರಡೂ ಕಡೆ ಮೀಸೆ ಬಂದ ಪೊಲೀಸಿನವನ ಹಾಗೆ ಗತ್ತಿನಿಂದ ನಡೆದುಹೋಗಿ, ಹುಲ್ಲನ್ನು ರೋಮದ ಮೇಲೆ ಹರಡಿತು.

ಚೀಟಿರಾಯ ಎಂಬುದು ಅವರ ಹೆಸರಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕಾದಿರಿಸುವ ಮೇಜಿನ ಹಿಂದೆ ಹತ್ತೊಂಬತ್ತು ವರ್ಷ ಕೂತದ್ದಕ್ಕೆ ಸಿಕ್ಕ ಬಿರುದು. ಬೇಕಾದ ಪುಸ್ತಕ ಬೇರೆಯವರ ಬಳಿ ಇದ್ದರೆ ಅವರು ಹಳದಿ ಚೀಟಿಯೊಂದನ್ನು ಬರೆದು, ಕ್ರಮಸಂಖ್ಯೆ ಹಾಕಿ, ಮುಖ್ಯವಾದ ಪದಕ್ಕೆ ಅಡಿಗೆರೆ ಎಳೆದು, ಮೊಹರು ಒತ್ತಿ ಕೊಡುತ್ತಿದ್ದರು. ಎಷ್ಟು ದಿನ ಆಗುತ್ತೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: “ಹೇಳಕ್ಕಾಗಲ್ಲ. ತಗೊಂಡವರು ವಾಪಸ್ ಕೊಟ್ಟಾಗ.” ಚೀಟಿಯ ಬೆನ್ನಿಗೆ ಅವರೇ ಬರೆದ ಒಂಬತ್ತನೇ ನಿಯಮ ಅಚ್ಚಾಗಿತ್ತು: ಕಾದಿರಿಸಿದ ಪ್ರತಿ ಯಾವ ಕಾರಣದಿಂದ ಇಲ್ಲವಾದರೂ ಚೀಟಿ ಕೊಟ್ಟವರೇ ಇನ್ನೊಂದು ಪ್ರತಿ ತರಿಸಿಕೊಡತಕ್ಕದ್ದು.

ಇಪ್ಪತ್ತಾರು ದಿನದ ಹಿಂದೆ, ಎಂಟು ವರ್ಷದ ಮಗಳ ಹಟಕ್ಕೆ ಸೋತು, ಪ್ರಾಣಿಗಳ ಆಶ್ರಯಧಾಮದಿಂದ ಈ ಬೂದುಬಣ್ಣದ ಹೆಣ್ಣು ಮೊಲವನ್ನು ತಂದಿದ್ದರು. ಆಶ್ರಯಧಾಮದವರ ಹದಿನಾಲ್ಕು ಷರತ್ತುಗಳಿಗೆ ಸಹಿ ಹಾಕಿದ್ದಾಗಿತ್ತು: ಹುಲ್ಲು ಸದಾ ಇರಬೇಕು, ಕ್ಯಾರೆಟ್ ಅಪರೂಪಕ್ಕೆ, ಕಿವಿ ಹಿಡಿದು ಎತ್ತಕೂಡದು, ಇತ್ಯಾದಿ. ಹದಿನೈದನೆಯದನ್ನು ಮನೆಯಲ್ಲಿ ಹೆಂಡತಿ ಸೇರಿಸಿದ್ದಳು. ಅವತ್ತು ಬೂದಿ ಬಂದ ಅರ್ಧ ಗಂಟೆಯಲ್ಲಿ ಅವಳ ಫೋನಿನ ಚಾರ್ಜರ್ ವೈರನ್ನು ಎರಡು ತುಂಡು ಮಾಡಿತ್ತು.

“ಒಂದು ಅಂದ್ರೆ ಒಂದೇ ರೀ. ಎರಡನೇದು ಈ ಮನೆ ಹೊಸ್ತಿಲು ದಾಟಿದ ದಿನ ನಾನು ಅಕ್ಕನ ಮನೇಲಿ.”

ಅವಳು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಬರಿಹೊಟ್ಟೆಯಲ್ಲಿ ಬರುವವರಿಗಾಗಿ ಬೆಳಿಗ್ಗೆ ಆರೂವರೆಗೇ ಹೊರಟುಬಿಡುತ್ತಿದ್ದಳು. ಅವಳು ಈ ಹೊತ್ತು ಮನೆಯಲ್ಲಿಲ್ಲವಲ್ಲ ಎಂದು ಚೀಟಿರಾಯರು ನಿಟ್ಟುಸಿರು ಬಿಡುವಷ್ಟರಲ್ಲಿ ಮೇಲಿನ ಮನೆಯ ನರ್ಸಮ್ಮ ಮೆಟ್ಟಿಲಿಳಿದು ಬಂದರು. ಹೆರಿಗೆ ವಾರ್ಡಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಗೂಡಿನತ್ತ ಒಂದು ನೋಟ ಹಾಯಿಸಿ, ತೋಳು ಮಡಚಿಕೊಂಡರು.

“ತಂದು ಎಷ್ಟು ದಿನ ಆಯ್ತು ತಮ್ಮಾ?”

“ಇಪ್ಪತ್ತಾರು.”

“ಮೊಲಕ್ಕೆ ಮೂವತ್ತು ದಿನ. ಬರುವಾಗ್ಲೇ ಆಗಿತ್ತು ಅನ್ನು!” ಬೂದಿಯ ಹೊಟ್ಟೆಯ ಕೆಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಬೆರಳಾಡಿಸಿದರು. “ಒಂದು, ಎರಡು... ಗೋಲಿ ಗೋಲಿ ಹಾಗೆ ಸಿಗ್ತಿದೆ. ಎಂಟಕ್ಕೆ ಮೋಸ ಇಲ್ಲ. ಇವತ್ತು ಸಂಜೆಯೊಳಗೆ ಆಗುತ್ತೆ ನೋಡು.”

ಚೀಟಿರಾಯರ ಬಾಯಿಂದ ಬ್ರಷ್ಷು ಕೆಳಗೆ ಬಿತ್ತು. ಪಶುವೈದ್ಯೆಗೆ ಫೋನು ಮಾಡಿದರೆ ಸಂಜೆ ಐದಕ್ಕೆ ಬನ್ನಿ ಎಂದರು. ಹೆಂಡತಿ ಬರುವುದು ಆರಕ್ಕೆ. ಎರಡನೆಯದಕ್ಕೇ ಅಕ್ಕನ ಮನೆ ಎಂದವಳು ಒಂಬತ್ತನೆಯದಕ್ಕೆ ಎಲ್ಲಿಗೆ ಹೋಗುತ್ತಾಳೋ ಎಂದು ಯೋಚಿಸುತ್ತ ಅವರು ಅಂಗಿಯ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡು ಕೆಲಸಕ್ಕೆ ಹೋದರು. ಮನೆಯ ಕೀಲಿ ನರ್ಸಮ್ಮನ ಕೈಯಲ್ಲಿತ್ತು.

“ಅದಕ್ಕೆ ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀರಾ?” ಎಂದ, ವಿಷಯ ಕೇಳಿದ ಗ್ರಂಥಾಲಯದ ಬೈಂಡರ್, ಬೆರಳಿಗೆ ಅಂಟಿದ ಗೋಂದನ್ನು ಸುಲಿಯುತ್ತ. “ಎಂಟು ಮರಿಗೆ ಎಂಟು ಜನ ಇವತ್ತೇ ಗೊತ್ತಾಗಿಬಿಟ್ರೆ ನಿಮ್ಮನೆಯವ್ರು ಏನಂತಾರೆ? ಎಲ್ಲಾ ಬೇರೆಯವರ ಸೊತ್ತು, ಎರಡು ತಿಂಗಳು ತಾಯಿ ಹತ್ರ ಇರುತ್ತೆ ಅಷ್ಟೆ ಅನ್ನಿ. ನನಗೊಂದು ಬರೀರಿ.”

ಬರೀರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಚೀಟಿರಾಯರ ಕೈ ಅಭ್ಯಾಸಬಲದಿಂದ ಹಳದಿ ಚೀಟಿಯತ್ತ ಹೋಯಿತು. ‘ಕ್ರಮಸಂಖ್ಯೆ ಒಂದು. ಮೊಲದ ಮರಿ.’ ಮರಿ ಎಂಬುದಕ್ಕೆ ಅಡಿಗೆರೆ. ಮೊಹರು.

ಹತ್ತೂವರೆಗೆ ಮರಿಗಳ ಸುದ್ದಿ ಪತ್ರಿಕೆ ಓದುವ ಕೋಣೆಯವರೆಗೂ ಹೋಗಿತ್ತು. ಹನ್ನೊಂದಕ್ಕೆ ಮೇಜಿನೆದುರು ಸಾಲು ನಿಂತಿತು. ಒಬ್ಬರಿಗೆ ಬಿಳಿಯದೇ ಬೇಕು; ಇನ್ನೊಬ್ಬರಿಗೆ ಕಿವಿ ಜೋತಿರಬೇಕು; ಮೂರನೆಯವರು, ಮರಿ ಚಿಕ್ಕದಾಗಿದ್ದರೆ ಎರಡು ಕೊಡ್ತೀರಾ ಎಂದು ಚೌಕಾಸಿಗಿಳಿದರು. ಹನ್ನೆರಡಕ್ಕೆ ಮುಖ್ಯಸ್ಥೆಯವರ ಕೋಣೆಯಿಂದ ಕರೆ ಬಂತು. ಸರ್ಕಾರಿ ಚೀಟಿಯಲ್ಲಿ ಮೊಲ ಹಂಚಿದ್ದಕ್ಕೆ ಕೆಲಸವೇ ಹೋಯಿತು ಎಂದುಕೊಂಡು ಚೀಟಿರಾಯರು ಒಳಗೆ ಹೋದರು.

“ಇದೇನ್ರೀ ಇದು?” ಮುಖ್ಯಸ್ಥೆಯವರ ಕೈಯಲ್ಲಿ ಹಳದಿ ಚೀಟಿಯಿತ್ತು.

“ಮೇಡಂ, ಅದು... ಮನೆ ಪರಿಸ್ಥಿತಿ...”

“ಪರಿಸ್ಥಿತಿ ಇರ್ಲಿ. ನನ್ನನ್ನ ಕೇಳ್ದೆ ಐದು ಹಂಚಿಬಿಟ್ಟಿದ್ದೀರಲ್ಲ! ಮೊಮ್ಮಗಳಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ. ಆರನೇದು ನನಗೆ.”

ಉಳಿದ ಎರಡನ್ನು ಪದಬಂಧದ ಮೇಷ್ಟ್ರು ತೆಗೆದುಕೊಂಡರು. ದಿನವಿಡೀ ಪದಬಂಧ ಬಿಡಿಸುತ್ತ ಕೂರುವ ನಿವೃತ್ತ ಮೇಷ್ಟ್ರು ಅವರು; ಇವತ್ತು ಮೊಣಕೈಯ ಒಳಗೆ ಹತ್ತಿ ಒತ್ತಿಕೊಂಡಿದ್ದರು. “ಒಂದು ನನಗೆ. ಇನ್ನೊಂದು ಒಬ್ಬ ಪುಣ್ಯಾತ್ಮರಿಗೆ. ಬಹಳ ಹಗುರವಾದ ಕೈ. ಊಟ ಆಗಿ ಎರಡು ಗಂಟೆ ಆದ್ಮೇಲೆ ಮತ್ತೆ ಅವರ ಹತ್ರಾನೇ ಹೋಗ್ಬೇಕು, ಆಗ ಕೊಡ್ತೀನಿ” ಎಂದರು. ಯಾರಾದರೇನು? ಚೀಟಿರಾಯರು ಏಳು ಬರೆದರು, ಎಂಟು ಬರೆದರು. ಎದೆಯ ಮೇಲಿನ ಬೀರು ಇಳಿಸಿದಂತಾಯಿತು.

ನಾಲ್ಕೂವರೆಗೆ ಮನೆಗೆ ಬಂದರೆ ಬಾಗಿಲ ಹೊರಗೆ ಆರು ಜೊತೆ ಚಪ್ಪಲಿ. ಒಳಗೆ ಇಡೀ ಕಟ್ಟಡವೇ ತುದಿಗಾಲಲ್ಲಿ ನಿಂತಿತ್ತು. ನರ್ಸಮ್ಮ ಬಿಸಿನೀರು, ಟವೆಲು, ಟಾರ್ಚು ಜೋಡಿಸಿಕೊಂಡು ಕೂತಿದ್ದರು. ಈ ಸಂಭ್ರಮದಿಂದ ಬೇಸತ್ತ ಬೂದಿ ಸೋಫಾದ ಕೆಳಗೆ ಸೇರಿಕೊಂಡು, ನರ್ಸಮ್ಮ ಒಳಗೇ ಬಿಟ್ಟಿದ್ದ ಚಪ್ಪಲಿಗಳಲ್ಲಿ ಎಡಗಾಲಿನದರ ಪಟ್ಟಿಯನ್ನು ಮುಗಿಸಿ ಬಲಗಾಲಿನದಕ್ಕೆ ಕೈಹಾಕಿತ್ತು.

“ಶ್ಶ್! ನೋವು ಶುರುವಾಗಿದೆ, ಅದಕ್ಕೇ ಕಚ್ಚುತ್ತೆ” ಎಂದರು ನರ್ಸಮ್ಮ.

ಐದಕ್ಕೆ ನರ್ಸಮ್ಮನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಪಶುವೈದ್ಯೆ ಬೂದಿಯನ್ನು ಮೇಜಿನ ಮೇಲೆ ಕೂರಿಸಿ, ಹೊಟ್ಟೆ ಮುಟ್ಟಿ, ಸ್ಕ್ಯಾನ್ ಮಾಡಿ, ಕನ್ನಡಕ ತೆಗೆದರು.

“ಒಳಗೆ ಏನೂ ಇಲ್ಲ. ಇದು ಸುಳ್ಳು ಬಸಿರು. ಗಂಡಿನ ಸಹವಾಸ ಇಲ್ದೇನೂ ಹೆಣ್ಣು ಮೊಲಕ್ಕೆ ಹೀಗಾಗುತ್ತೆ. ಎರಡು ಎರಡೂವರೆ ವಾರ ಮೈ ತಾನು ಬಸುರಿ ಅಂತ ನಂಬಿಕೊಂಡಿರುತ್ತೆ. ಆಮೇಲೆ ಗೂಡು ಕಟ್ಟಿ, ಒಂದೆರಡು ದಿನದಲ್ಲಿ ಮರೆತುಬಿಡುತ್ತೆ.”

“ನನ್ನ ಕೈಗೆ ಎಂಟು ಸಿಕ್ತಲ್ಲ ಡಾಕ್ಟ್ರೇ!” ನರ್ಸಮ್ಮ ಬಿಡಲಿಲ್ಲ. “ಗೋಲಿ ಹಾಗೆ!”

“ಅದು ಹಿಕ್ಕೆ ಅಮ್ಮಾ.”

ಚೀಟಿರಾಯರಿಗೆ ಪಶುವೈದ್ಯೆಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಮರಿಯಿಲ್ಲ! ಹದಿನೈದನೇ ಷರತ್ತು ಮುರಿದಿಲ್ಲ! ದಾರಿಯುದ್ದಕ್ಕೂ ಬೂದಿಯ ಬುಟ್ಟಿಯನ್ನು ಪ್ರಶಸ್ತಿಫಲಕದ ಹಾಗೆ ಎದೆಗವುಚಿಕೊಂಡು ಬಂದರು. ಚೀಟಿ ಪಡೆದವರಿಗೆ ನಾಳೆ ಏನಾದರೊಂದು ಹೇಳಿದರಾಯಿತು.

ಹೆಂಡತಿ ಆರಕ್ಕೆ ಐದು ನಿಮಿಷವಿರುವಾಗಲೇ ಬಂದು ಸೋಫಾದ ಮೇಲೆ ಕೂತಿದ್ದಳು. ಮುಂದಿನ ಮೇಜಿನ ಮೇಲೆ ಹಳದಿ ಚೀಟಿಯೊಂದಿತ್ತು. ಕ್ರಮಸಂಖ್ಯೆ ಎಂಟು.

“ಪದಬಂಧದ ಮೇಷ್ಟ್ರು ಕೊಟ್ರು” ಎಂದಳು. “ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು. ಮರಿಗೂ ಅಡಿಗೆರೆ ಎಳೆಯೋರು ಪ್ರಪಂಚದಲ್ಲಿ ಇನ್ಯಾರಿದ್ದಾರೆ?”

ಚೀಟಿರಾಯರು ಬುಟ್ಟಿಯನ್ನು ಕೆಳಗಿಟ್ಟರು. “ಗಾಬರಿಯಾಗ್ಬೇಡ, ಒಂದೂ ಇಲ್ಲ! ಡಾಕ್ಟ್ರು ನೋಡಿದ್ರು. ಎಲ್ಲಾ ಸುಳ್ಳು!”

ಹೆಂಡತಿಯ ಮುಖ ಅರಳುತ್ತದೆಂದು ಅವರು ಕಾದರು. ಅದು ಗಾಳಿ ಹೋದ ಚೆಂಡಿನಂತಾಯಿತು.

“ಇಲ್ವಾ?” ಅವಳು ಚೀಲದಿಂದ ಕೊತ್ತಂಬರಿ ಕಟ್ಟು ತೆಗೆದಳು. ದಿನಾ ಬೆಳಿಗ್ಗೆ ಗೂಡಿನಲ್ಲಿ ಸಿಗುತ್ತಿದ್ದ ಕೊತ್ತಂಬರಿ ಕಡ್ಡಿಗಳಿಗೆ ಚೀಟಿರಾಯರು ಇಷ್ಟು ದಿನ ಮಗಳನ್ನು ಗದರುತ್ತಿದ್ದರು. “ಮಧ್ಯಾಹ್ನದಿಂದ ಹೆಸರೆಲ್ಲಾ ಯೋಚಿಸಿಟ್ಟಿದ್ದೆ ರೀ. ಊರಿಗೆಲ್ಲಾ ಹಂಚಿದ್ರಿ, ಮನೆಗೊಂದು ಇಟ್ಕೊಳ್ಳೋಣ್ವಾ ಅಂತ ನನ್ನ ಒಂದು ಮಾತು ಕೇಳಿದ್ರಾ?”

“ನೀನೇ ಅಲ್ವಾ, ಒಂದು ಅಂದ್ರೆ ಒಂದೇ ಅಂತ...”

“ಅದು ಚಾರ್ಜರ್ ಕಡಿದ ದಿನದ ಮಾತು!”

ಅಷ್ಟರಲ್ಲಿ ಮಗಳು ಚೀಟಿ ತಿರುಗಿಸಿ, ಬೆರಳಿಟ್ಟು, ಒಂಬತ್ತನೇ ನಿಯಮವನ್ನು ಪಾಠ ಓದುವಂತೆ ಗಟ್ಟಿಯಾಗಿ ಓದಿದಳು. “...ಇನ್ನೊಂದು ಪ್ರತಿ ತರಿಸಿಕೊಡತಕ್ಕದ್ದು. ಅಪ್ಪಾ, ಇದು ನೀನೇ ಬರ್ದಿದ್ದು ಅಲ್ವಾ?”

ಹೆಂಡತಿ ಚೀಟಿಯನ್ನು ಗಂಡನ ಕಡೆ ಸರಿಸಿದಳು. “ತರ್ಸಿ.” ಅದೇ ಹೊತ್ತಿಗೆ ಫೋನು ಗುಣುಗುಟ್ಟಿತು. ಮುಖ್ಯಸ್ಥೆಯವರ ಸಂದೇಶ: ಮೊಮ್ಮಗಳು ಮರಿಗೆ ಹಾಸಿಗೆ ಹೊಲಿಸಿದ್ದಾಳೆ, ಎಷ್ಟು ಹುಟ್ಟಿದವು?

ಬೇರೆ ದಾರಿ ಕಾಣದೆ ಚೀಟಿರಾಯರು ಆಶ್ರಯಧಾಮಕ್ಕೆ ಫೋನು ಮಾಡಿದರು.

“ಎಂಟಾ?” ಎಂದಳು ಆ ಕಡೆಯ ಹೆಂಗಸು. “ಒಂದೂ ಇಲ್ಲ ಸರ್. ಕೊನೇದು ನೀವೇ ತಗೊಂಡು ಹೋಗಿದ್ದು. ಬೇಕಾದ್ರೆ ಕಾದಿರಿಸಿ ಚೀಟಿ ಬರೀತೀನಿ. ನಿಮ್ಮ ನಂಬರು ನಲವತ್ತೊಂದು.”

“ಎಷ್ಟು ದಿನ ಆಗುತ್ತಮ್ಮಾ?” ಕೇಳಿದ ಮೇಲೆ ಚೀಟಿರಾಯರಿಗೆ ಆ ಪ್ರಶ್ನೆ ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು.

“ಹೇಳಕ್ಕಾಗಲ್ಲ ಸರ್. ತಗೊಂಡವರು ವಾಪಸ್ ಕೊಟ್ಟಾಗ.” ಪುಟ ಮಗುಚುವ ಸದ್ದಾಯಿತು. “ಅಂದ ಹಾಗೆ, ನಿಮ್ಮದನ್ನ ವಾಪಸ್ ಕೊಡೋ ಯೋಚನೆ ಏನಾದ್ರೂ ಇದೆಯಾ? ನಿಮ್ಮ ಮುಂದೆ ನಲವತ್ತು ಜನ ಕಾಯ್ತಿದ್ದಾರೆ.”

ಚೀಟಿರಾಯರು ಬೂದಿಯತ್ತ ನೋಡಿದರು. ಹೆಂಡತಿಯ ಮಡಿಲೇರಿ ಕೂತಿದ್ದ ಅದು ಕೊತ್ತಂಬರಿ ಮುಗಿಸಿ, ಈಗ ಎಂಟನೇ ನಂಬರಿನ ಚೀಟಿಯನ್ನು ಮೊಹರಿನ ಕಡೆಯಿಂದ ತಿನ್ನಲು ಶುರುಮಾಡಿತ್ತು. ಒಂಬತ್ತನೇ ನಿಯಮವನ್ನು ಮಾತ್ರ ಅದು ಮುಟ್ಟಿರಲಿಲ್ಲ.