ಎಂಬತ್ತು ಸಾವಿರದಲ್ಲಿ ಕೊಡಗಿನವರೆಷ್ಟು?

ಜನಗಣತಿ ಮಾಡಿದ ಮೇಷ್ಟರ ಮುಂದೆ ಯಾರೂ ಸಂಖ್ಯೆ ಹೇಳಬಾರದು. ಹೇಳಿದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಸರ್ವೀಸಿನಲ್ಲಿ ನನಗೆ ಎರಡು ಸಲ ಆ ಡ್ಯೂಟಿ ಬಿದ್ದಿತ್ತು. ಎಸ್ಟೇಟು ನಾಯಿಗಳಿಂದ ಅಟ್ಟಿಸಿಕೊಂಡು ಮನೆಮನೆ ಎಣಿಸಿದವನು ನಾನು. ಆಗ ಹತ್ತಿದ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಯಾವ ಸಂಖ್ಯೆ ಕಿವಿಗೆ ಬಿದ್ದರೂ ಅದನ್ನು ಜನಸಂಖ್ಯೆಯ ಪಕ್ಕ ನಿಲ್ಲಿಸಿ ಎತ್ತರ ನೋಡಬೇಕು.

ಹೀಗಿರುವಾಗ ಪಕ್ಕದ ಮನೆಯ ಹುಡುಗನಿಗೆ ಹೆಣ್ಣು ನೋಡುವ ಸಮಯ ಬಂತು. ತೋಟವೂ ಉಂಟು, ಮೊಬೈಲಿನಲ್ಲಿ ಹೊಳೆ, ಮಂಜು, ಕಡುಬು ಎಲ್ಲ ತೋರಿಸಿ ಗಳಿಸಿದ ಎಂಬತ್ತು ಸಾವಿರ ಫಾಲೋವರ್ಸೂ ಉಂಟು. ಅವನ ಕಡೆಯ ಅರುವ ನಾನು. ಅರುವ ಅಂದರೆ ಕೊಡವರ ಮದುವೆಯಲ್ಲಿ ಮನೆಯವರ ಪರವಾಗಿ ಮಾತಾಡುವವನು. ಆ ಕೆಲಸಕ್ಕೆ ಬಾಯಿ ಇರುವವರನ್ನೇ ಹುಡುಕುತ್ತಾರೆ. ನಮ್ಮ ಊರಿನಲ್ಲಿ ಹೆಚ್ಚು ಹುಡುಕಬೇಕಾಗಲಿಲ್ಲ.

ಕಪ್ಪು ಕನ್ನಡಕ

ಹೆಣ್ಣಿನ ಮನೆಗೆ ಹಣ್ಣು ಕೊಳ್ಳಲು ಇಬ್ಬರೂ ಕುಶಾಲನಗರಕ್ಕೆ ಹೋದೆವು. ಹುಡುಗ ಜೀಪಿನಿಂದ ಇಳಿಯುವ ಮೊದಲೇ ಟೋಪಿ, ಮಾಸ್ಕು, ಕಪ್ಪು ಕನ್ನಡಕ ಏರಿಸಿದ.

"ಏನೋ, ಕಣ್ಣು ಬಂದಿದೆಯಾ?"

"ಇಲ್ಲ ಅಂಕಲ್. ಗುರುತು ಸಿಕ್ಕಿದರೆ ಜನ ಮುತ್ತಿಕೊಳ್ತಾರೆ."

"ದೇಶದಲ್ಲಿ ನೂರ ನಲವತ್ತು ಕೋಟಿ ಜನ ಮಾರಾಯ. ನಿನ್ನವರು ಎಂಬತ್ತು ಸಾವಿರ. ಹದಿನೇಳೂವರೆ ಸಾವಿರ ಜನಕ್ಕೆ ಒಬ್ಬ! ಧೈರ್ಯವಾಗಿ ತೆಗಿ."

ತೆಗೆದ. ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ಎರಡು ಸಲ ಹೋಗಿ ಬಂದೆವು. ಒಬ್ಬನೂ ತಿರುಗಿ ನೋಡಲಿಲ್ಲ. ಮೂರನೇ ಸಲ ಹಣ್ಣಿನಂಗಡಿ ದಾಟಿದ ಮೇಲೂ ಅವನು ನಿಲ್ಲದೆ ನಡೆಯುತ್ತಲೇ ಇದ್ದ. ಅಷ್ಟರಲ್ಲಿ ಒಬ್ಬ ಶುಂಠಿ ವ್ಯಾಪಾರಿ, "ಏಯ್, ನೀನೇ ಅಲ್ವಾ! ನಿಲ್ಲು, ನಿಲ್ಲು!" ಎಂದು ಓಡಿಬಂದ. ನಮ್ಮ ಹುಡುಗ ಕೂದಲು ಸರಿಮಾಡಿಕೊಂಡು, ಮುಖಕ್ಕೆ ಬೆಳಕು ಬೀಳುವ ಹಾಗೆ ನಿಂತ.

"ಜೀಪು ನಿಂದೇ ತಾನೇ? ನನ್ನ ಲಾರಿಗೆ ಅಡ್ಡ ನಿಲ್ಲಿಸಿದ್ದೀಯಲ್ಲಯ್ಯಾ, ತೆಗಿ ಮೊದಲು!"

ಲಂಗರ್ ಎಲ್ಲಿ?

ಹೆಣ್ಣಿನ ಮನೆ ಭಾಗಮಂಡಲದ ರಸ್ತೆಯಲ್ಲಿ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ದರು. ಬಾಕಿ ಇದ್ದದ್ದು ಹುಡುಗಿಯ ಅಪ್ಪನ ಒಂದು 'ಹೂಂ' ಮಾತ್ರ. ಅವರು ಮಿಲಿಟರಿಯಿಂದ ಬಂದ ಸುಬೇದಾರರು. ಅವರ ಹೂಂ ಅಷ್ಟು ಸುಲಭಕ್ಕೆ ಹೊರಡುವಂಥದ್ದಲ್ಲ.

"ತೋಟ ಸರಿ. ಮತ್ತೇನು?" ಎಂದರು.

"ಎಂಬತ್ತು ಸಾವಿರ ಫಾಲೋವರ್ಸ್ ಸಾರ್," ಎಂದೆ ನಾನು, ಗತ್ತಿನಿಂದ.

ಅವರಿಗೆ ತಿಳಿಯಲಿಲ್ಲ. ಅವರ ಭಾಷೆಯಲ್ಲೇ ಬಿಡಿಸಿದೆ: "ಇವನನ್ನು ಮೊಬೈಲಿನಲ್ಲಿ ದಿನಾ ನೋಡುವವರು ಸಾರ್. ಒಂದು ಬೆಟಾಲಿಯನ್ನಿಗೆ ಎಂಟುನೂರು ಜನ ಅಂತ ಹಿಡಿಯಿರಿ. ನೂರು ಬೆಟಾಲಿಯನ್!"

ಸುಬೇದಾರರು ಕುರ್ಚಿಯಲ್ಲಿ ನೆಟ್ಟಗಾದರು. ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಇಷ್ಟು ಜನಕ್ಕೆ ಲಂಗರ್ ಎಲ್ಲಿ ನಡೆಸ್ತೀಯಪ್ಪ?" ಎಂದು ಕೇಳಿದರು. ಲಂಗರ್ ಅಂದರೆ ಮಿಲಿಟರಿಯ ಅಡುಗೆ ಮನೆ; ಅದಿಲ್ಲದ ಸೈನ್ಯವನ್ನು ಅವರು ಕಂಡವರಲ್ಲ.

ಅಜ್ಜಿಯ ಲೆಕ್ಕ

ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಸುಬೇದಾರರ ತಾಯಿ ಆಗ ಬಾಯಿ ಬಿಟ್ಟರು. "ಮೇಷ್ಟ್ರೇ, ಇವನನ್ನು ದಿನಾ ನೋಡುವವರಲ್ಲಿ ಹೆಂಗಸರೂ ಇದ್ದಾರಾ?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಲೆಕ್ಕ ಬಲ್ಲವನಿಗೆ ಅದು ಆಗುವುದಿಲ್ಲ. "ಜನಸಂಖ್ಯೆಯ ಪ್ರಕಾರ ಅರ್ಧಕ್ಕರ್ಧ ಅಜ್ಜೀ. ನಲವತ್ತು ಸಾವಿರ ಅಂತ ಇಟ್ಟುಕೊಳ್ಳಿ."

ಅಜ್ಜಿಯ ಕೈಯಿಂದ ಅಡಕತ್ತರಿ ಜಾರಿತು. "ಅಯ್ಯೋ ದೇವಾ, ನನ್ನ ಮೊಮ್ಮಗಳಿಗೆ ನಲವತ್ತು ಸಾವಿರ ಸವತಿಯರಾ!"

ಒಳಗೆ ಹುಡುಗಿ ನಕ್ಕದ್ದು ಕೇಳಿಸಿತು. ಸುಬೇದಾರರು ನಗಲಿಲ್ಲ.

ಮಂದಿನಲ್ಲಿ ಭಾನುವಾರ

"ಬಾಯಿ ಮಾತು ಸಾಕು," ಎಂದರು ಸುಬೇದಾರರು. "ಸುಗ್ಗಿಯ ಪುತ್ತರಿ ಹಬ್ಬ ಹತ್ತಿರ ಬಂತು. ಕೋಲಾಟದ ಬಯಲು, ನಮ್ಮ ಊರಿನ ಮಂದ್, ಪೂರ್ತಿ ಲಂಟಾನ ಬೆಳೆದು ನಿಂತಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಈ ನಿಮ್ಮ ಎಂಬತ್ತು ಸಾವಿರದಲ್ಲಿ ಕತ್ತಿ ಹಿಡಿದು ಎಷ್ಟು ಜನ ಬರ್ತಾರೆ? ಮೂವತ್ತು ಜನ, ಅಂದರೆ ಒಂದು ಪ್ಲಟೂನ್ ಬಂದರೆ ಹುಡುಗಿ ಕೊಡ್ತೇನೆ. ಬರದಿದ್ದರೆ ನೀವು ಬೇರೆ ಮನೆ ನೋಡಿ."

ಹುಡುಗನ ಮುಖ ಬಿಳಿಚಿಕೊಂಡಿತು. ನನಗೇನು ಭಯ? "ಕೊಡಗಿನಲ್ಲಿ ಸುಮಾರು ಐದೂವರೆ ಲಕ್ಷ ಜನ. ದೇಶದ ಎರಡೂವರೆ ಸಾವಿರ ಜನಕ್ಕೆ ಒಬ್ಬ ನಮ್ಮವನು. ಎಂಬತ್ತು ಸಾವಿರದಲ್ಲಿ ಮೂವತ್ತೆರಡು. ಬರ್ತಾರೆ ಸಾರ್!"

"ಬರೆದು ಕೊಡಿ," ಎಂದರು. ಕ್ಯಾಲೆಂಡರಿನ ಹಿಂದೆ ಬರೆದು, ದೊಡ್ಡದಾಗಿ ಸಹಿ ಹಾಕಿ ಕೊಟ್ಟೆ.

ಹುಡುಗ ಕೈಮುಗಿದು ವಿಡಿಯೋ ಹಾಕಿದ. ಮೂರು ಸಾವಿರ ಜನ ಹೃದಯ ಒತ್ತಿದರು, "ಸೂಪರ್ ಬ್ರೋ" ಎಂದು ಬರೆದವರಿಗೆ ಲೆಕ್ಕವಿಲ್ಲ.

ಭಾನುವಾರ ಏಳಕ್ಕೆ ಹತ್ತು ನಿಮಿಷ ಇತ್ತು. ಮಂದಿನಲ್ಲಿ ನಾನು, ಹುಡುಗ, ಗಡಿಯಾರ ನೋಡುತ್ತಿದ್ದ ಸುಬೇದಾರರು, ಮತ್ತೆ ಲಂಟಾನ. ಹುಡುಗ ಅಳುವುದೊಂದು ಬಾಕಿ. ಅಷ್ಟರಲ್ಲಿ ಏರಿನಲ್ಲಿ ಎರಡು ಜೀಪು, ಒಂದು ಪಿಕಪ್ ಬಂತು. ಕತ್ತಿ ಹಿಡಿದ ಜನ ದಬದಬ ಇಳಿದರು. ಸುಬೇದಾರರು ಸಾಲಾಗಿ ನಿಲ್ಲಿಸಿ ಎಣಿಸಿದರು. ಮೂವತ್ತೆರಡು! ನಾನು ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಸಂಖ್ಯೆ ಸರಿಬಂದ ಮೇಲೆ ಮುಖ ಯಾರದೆಂದು ನೋಡುವ ಚಟ ನನಗಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಬಯಲು ಅಂಗೈಯಂತಾಯಿತು. ಕಾಫಿ ಕುಡಿಯುವಾಗ ಸುಬೇದಾರರು ಒಬ್ಬೊಬ್ಬರನ್ನೇ ವಿಚಾರಿಸಿದರು.

"ನೀವು?"

"ಹುಡುಗನ ದೊಡ್ಡಪ್ಪ."

"ನೀವು?"

"ಸೋದರಮಾವ."

"ನೀನಮ್ಮ?"

"ಚಿಕ್ಕಮ್ಮನ ಸೊಸೆ."

ಮೂವತ್ತೆರಡೂ ನೆಂಟರೇ! ವಿಡಿಯೋವನ್ನು ನಂಬದ ಹುಡುಗನ ತಾಯಿ, ಹಳೇ ಬಟನ್ ಫೋನಿನಲ್ಲಿ ಎರಡು ದಿನ ಕೂತು ಎಲ್ಲರಿಗೂ ಹೇಳಿಕಳಿಸಿದ್ದರು.

"ಇವನ ಫಾಲೋವರ್ಸ್ ಯಾರು? ಕೈ ಎತ್ತಿ," ಎಂದರು ಸುಬೇದಾರರು.

ಒಂದು ಕೈಯೂ ಏಳಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಇವನ ಮುಖ ದಿನಾ ಮನೆಯಲ್ಲೇ ನೋಡ್ತೇವಲ್ಲ ಸಾರ್, ಅದನ್ನೇ ಮೊಬೈಲಿನಲ್ಲೂ ನೋಡುವ ಕರ್ಮ ಯಾಕೆ?" ಎಂದರು.

ಸುಬೇದಾರರು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ. ಕಾಫಿ ಮೀಸೆಗೆ ಚೆಲ್ಲುವಷ್ಟು ನಕ್ಕರು. "ಹಿಂದೆ ಎಂಬತ್ತು ಸಾವಿರ ಇದ್ದೂ ಒಬ್ಬ ಬರಲಿಲ್ಲ. ಕರೆದ ಕೂಡಲೇ ಕತ್ತಿ ಹಿಡಿದು ಬರುವ ನೆಂಟರು ಮೂವತ್ತೆರಡು. ಹೂಂ! ಹುಡುಗಿ ಕೊಟ್ಟೆ."

ಈ ಗದ್ದಲದಲ್ಲಿ ನನ್ನನ್ನು ಯಾರೂ ನೋಡಲೇ ಇಲ್ಲ. ನಾನೇ ಮುಂದೆ ಹೋಗಿ, "ಸಾರ್, ನನ್ನ ಲೆಕ್ಕ ಒಂದಂಕಿ ಆಚೀಚೆ ಆಗಲಿಲ್ಲ, ನೋಡಿದಿರಾ?" ಎಂದೆ.

ಸುಬೇದಾರರು ನನ್ನ ಬೆನ್ನು ತಟ್ಟಿ ಹೇಳಿದರು: "ತಲೆ ಎಣಿಕೆ ಸರಿಯಾಗಿದೆ ಮೇಷ್ಟ್ರೇ. ತಲೆಗಳು ಮಾತ್ರ ಬೇರೆ."