ಲಗ್ನಪತ್ರಿಕೆಯೊಳಗೊಂದು ಲೂಪು

ಪಂಪ್‌ಸೆಟ್ ಮಾರುವವನಿಗೆ ವೆಬ್ ಪುಟ ಮಾಡಲು ಬರುವುದಿಲ್ಲವೆಂದು ಯಾರು ಹೇಳಿದರು? ನನ್ನ ಷಡ್ಡಕ ಹೇಳಿದ. ನನ್ನ ಹೆಂಡತಿಯ ಅಕ್ಕನ ಗಂಡ. ಆನವಟ್ಟಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಲೋಕದ ಎಲ್ಲರ ಅಳತೆಯೂ ತನಗೆ ಗೊತ್ತು ಎಂದುಕೊಂಡಿರುವ ಮನುಷ್ಯ. ಅವನು ಹಾಗೆ ಹೇಳಿದ್ದರಿಂದಲೇ ಇಷ್ಟೆಲ್ಲ ಆಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎಲ್ಲ ನನ್ನ ತಲೆಗೇ ಕಟ್ಟಬಾರದು.

ಶಿಕಾರಿಪುರದ ನನ್ನ ಅಂಗಡಿಗೆ ವೆಬ್ ಪುಟವನ್ನು ನಾನೇ ವಿಡಿಯೊ ನೋಡಿ ನೋಡಿ ಕಟ್ಟಿದ್ದೇನೆ. ಅದರಲ್ಲಿ ಟೆಂಪ್ಲೇಟ್ ಎಂಬುದೊಂದಿದೆ. ಪಂಪುಗಳ ಹೆಸರನ್ನೆಲ್ಲ ಒಂದು ಸಾಲಿನಲ್ಲಿ ಕೊಟ್ಟು, 'ಪ್ರತಿಯೊಂದಕ್ಕೂ ಹೀಗೆ ಮಾಡು' ಎಂದು ಒಂದೇ ಸಲ ಬರೆದರೆ ಸಾಕು. ಪಂಕ್ತಿಯಲ್ಲಿ ಬಡಿಸುವವನ ಹಾಗೆ ಅದು ಒಂದೊಂದೇ ಹೆಸರಿನ ಮುಂದೆ ಹೋಗಿ, ಹೇಳಿದ್ದನ್ನು ಬಡಿಸಿ ಮುಂದಕ್ಕೆ ಸಾಗುತ್ತದೆ. ಇದಕ್ಕೆ ಲೂಪು ಎನ್ನುತ್ತಾರೆ. ಲೂಪು ಬರೆಯಲು ಬಂದ ದಿನ ನಾನು ಊರಿನ ಇತರ ಪಂಪ್‌ಸೆಟ್ ವ್ಯಾಪಾರಿಗಳನ್ನು ಕರುಣೆಯಿಂದ ನೋಡಿದ್ದೆ.

ಹೀಗಿರುವಾಗ ಹೆಂಡತಿ ಶೈಲಾಳ ತಮ್ಮನಿಗೆ ಮದುವೆ ಗೊತ್ತಾಯಿತು. ಅವಳ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಅಲ್ಲಿ ನನ್ನ ಮಾವ ಚನ್ನಪ್ಪನವರಿಗೂ ಅವರ ಅಣ್ಣ ಗುರುಶಾಂತಪ್ಪನವರಿಗೂ ವರ್ಷಗಟ್ಟಲೆಯಿಂದ ಮಾತಿಲ್ಲ. ಊರಕೆರೆಯ ಕಾಲುವೆ ನೀರನ್ನು ಯಾರ ಗದ್ದೆಗೆ ಮೊದಲು ತಿರುಗಿಸಬೇಕು ಎಂಬುದು ಜಗಳ. (ಆ ಜಗಳದ ದೆಸೆಯಿಂದ ಇಬ್ಬರಿಗೂ ಒಂದೊಂದು ಪಂಪು ಮಾರಿದ್ದೇನೆ. ಶೈಲಾಳಿಗೆ ತಿಳಿದಿಲ್ಲ.) ತಮ್ಮನ ಮದುವೆಯಲ್ಲಾದರೂ ಅಪ್ಪ ದೊಡ್ಡಪ್ಪ ಒಂದೇ ಚಪ್ಪರದಡಿ ನಿಲ್ಲಬೇಕೆಂದು ಅವಳ ಆಸೆ. ಬಸ್ಸು ಹತ್ತಿ ಹೋಗಿ ದೊಡ್ಡಪ್ಪನ ಮುಂದೆ ಕೂತು ಅತ್ತು ಒಪ್ಪಿಸಿ ಬಂದಳು. ಅವರದು ಒಂದೇ ಷರತ್ತು: ಲಗ್ನಪತ್ರಿಕೆಯಲ್ಲಿ ಅಪ್ಪ ಅವ್ವನ ಹೆಸರಾದ ಮೇಲೆ ತಮ್ಮದೇ ಹೆಸರು, ಆಮೇಲೆ ತಮ್ಮ ಚನ್ನಪ್ಪನದು.

ಕಾರ್ಡು ಅಚ್ಚಾಗುವುದು ತಡ, ಅದಕ್ಕೆ ಮೊದಲು ಎಲ್ಲರ ಫೋನಿಗೂ ಹೋಗುವಂಥ ವೆಬ್ ಪತ್ರಿಕೆ ನಾನು ಮಾಡುತ್ತೇನೆ ಎಂದೆ. ಮನೆತನದ ವಾಟ್ಸಾಪ್ ಗುಂಪಿನಲ್ಲಿ ಷಡ್ಡಕ ಒಂದು ನಗುವ ಮುಖ ಹಾಕಿ, ಪಂಪ್ ಮಾರೋರಿಗೆ ಇದೆಲ್ಲ ಯಾಕೆ, ಆನವಟ್ಟಿಯಲ್ಲಿ ತನಗೆ ಪ್ರೆಸ್ಸಿನವರು ಗೊತ್ತು ಎಂದು ಬರೆದ. ಆ ನಗುವ ಮುಖ ಕಂಡು ನನ್ನ ಪಿತ್ತ ನೆತ್ತಿಗೇರಿತು.

ಹೊಸದಾಗಿ ಯಾಕೆ ಬರೆಯಬೇಕು? ಅಂಗಡಿಯ ಟೆಂಪ್ಲೇಟ್ ಇತ್ತಲ್ಲ! ಪಂಪುಗಳನ್ನು ತೆಗೆದು ಆ ಜಾಗದಲ್ಲಿ ಹಿರಿಯರನ್ನು ಕೂರಿಸಿದೆ. ಲೂಪು ಸರಾಗವಾಗಿ ಓಡಿತು. ಹೆಮ್ಮೆಯಿಂದ ಶೈಲಾಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಏನ್ರೀ ಇದು, ನಮ್ಮಪ್ಪನ ಹೆಸರ ಕೆಳಗೆ ಒಂದು ವರ್ಷ ವಾರಂಟಿ ಅಂತ ಇದೆ?"

ಅಪ್ಪನಿಗೊಬ್ಬರಿಗೇ ಅಲ್ಲ, ಎಲ್ಲರಿಗೂ ಇತ್ತು. ಲೂಪು ಪಕ್ಷಪಾತ ಮಾಡುವುದಿಲ್ಲ. ವಾರಂಟಿ ತೆಗೆದೆ. ಅವಳು ಮತ್ತೆ ನೋಡಿ, ಮೊದಲ ಹೆಸರು ವೀರಭದ್ರಪ್ಪಜ್ಜನದು, ಅಜ್ಜ ತೀರಿಕೊಂಡು ಎಷ್ಟೋ ಕಾಲವಾಯಿತು, ಹೆಸರಿಗೆ ಮೊದಲು 'ದಿ.' ಹಾಕಲೇಬೇಕು ಎಂದಳು. ನಿಜ. ದಿವಂಗತರನ್ನು ಬದುಕಿರುವವರ ಹಾಗೆ ಅಚ್ಚು ಹಾಕಿಸಿದರೆ ನಮ್ಮ ಕಡೆ ಒಪ್ಪುವುದಿಲ್ಲ.

ಕೈಯಲ್ಲಿ ಟೈಪ್ ಮಾಡಿ ಹಾಕಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಹಾಗೆ ಮಾಡುವವನಲ್ಲ. ಲೂಪಿನೊಳಗೇ ಬರೆದೆ: 'ಈ ವ್ಯಕ್ತಿ ತೀರಿಕೊಂಡಿದ್ದರೆ ದಿ. ಎಂಬುದನ್ನು ಕೈಗೆತ್ತಿಕೋ. ಕೈಯಲ್ಲಿರುವುದನ್ನು ಹೆಸರಿಗೆ ಮೊದಲು ಇಡು.' ಫೋನಿನಲ್ಲಿ ತೆರೆದು ನೋಡಿದೆ. ಮೇಲುಗಡೆ ಗಣಪತಿ, ಮುಹೂರ್ತ, ಕೆಳಗೆ 'ದಿ. ವೀರಭದ್ರಪ್ಪನವರು'. ಸೊಗಸಾಗಿತ್ತು. ಫೋನಿನ ಪರದೆ ಅಲ್ಲಿಗೇ ಮುಗಿದಿತ್ತು. ಬೆರಳಿನಿಂದ ಒಂದಿಷ್ಟು ಮೇಲಕ್ಕೆ ಎಳೆದು ನೋಡಬಹುದಿತ್ತು. ಅಷ್ಟರಲ್ಲಿ ಷಡ್ಡಕನಿಂದ ಇನ್ನೊಂದು ಸಂದೇಶ ಬಂತು: ಪತ್ರಿಕೆ ಆಯಿತೋ, ಇಲ್ಲ ಕರೆಂಟು ಹೋಯಿತೋ? ಮತ್ತೆ ಅದೇ ನಗುವ ಮುಖ. ತಗೊಳಪ್ಪಾ ಎಂದು ನಮ್ಮ ಗುಂಪಿಗೂ ಬೀಗರ ಗುಂಪಿಗೂ ಒಟ್ಟಿಗೇ ಕಳಿಸಿ, ಫೋನು ಮಗುಚಿಟ್ಟು ಊಟಕ್ಕೆ ಕೂತೆ.

ಸಾರನ್ನ ಕಲಸುವಾಗ ಮೊದಲ ಕರೆ. ಆನವಟ್ಟಿಯ ದೂರದ ನೆಂಟರೊಬ್ಬರು. ದನಿ ಗದ್ಗದವಾಗಿತ್ತು.

"ಅಳಿಯಂದ್ರೇ, ಮಣ್ಣು ಎಷ್ಟೊತ್ತಿಗ್ರೀ?"

ಯಾರ ಅಂತ್ಯಕ್ರಿಯೆ ಎಂದು ಕೇಳಿದೆ. "ಯಾರದ್ದು ಅಂತ ಹೇಳ್ಲಿ, ಎಲ್ಲಾರೂ ಹೋಗ್ಯಾರಲ್ಲ" ಎಂದರು.

ಎಡಗೈಯಲ್ಲಿ ಪತ್ರಿಕೆ ತೆರೆದು ಕೆಳಕ್ಕೆ ನೋಡಿದೆ. ದಿ. ವೀರಭದ್ರಪ್ಪನವರು. ದಿ. ಗೌರಮ್ಮನವರು. ದಿ. ಗುರುಶಾಂತಪ್ಪನವರು. ದಿ. ಚನ್ನಪ್ಪನವರು. ಹೀಗೇ ಸಾಲಾಗಿ, ಅತ್ತೆ, ಚಿಕ್ಕಪ್ಪಂದಿರು, ಸೋದರತ್ತೆಯರು, ಷಡ್ಡಕ. ಒಬ್ಬರನ್ನೂ ಬಿಟ್ಟಿರಲಿಲ್ಲ. ತೀರಿಕೊಂಡಿದ್ದರೆ ದಿ. ಎತ್ತಿಕೋ ಎಂದಿದ್ದೆ, ಬದುಕಿದ್ದರೆ ಕೆಳಗಿಡು ಎಂದು ಹೇಳಿರಲಿಲ್ಲ. ಅಜ್ಜನ ಹತ್ತಿರ ಎತ್ತಿಕೊಂಡದ್ದನ್ನು ಅದು ಸಾಲಿನ ಕೊನೆಯವರೆಗೂ ಬಡಿಸಿಕೊಂಡು ಹೋಗಿತ್ತು. ಆ ದರಿದ್ರ ಯಂತ್ರಕ್ಕೆ ಒಂದಿಷ್ಟಾದರೂ ಲೋಕಜ್ಞಾನ ಬೇಡವೇ? ಒಂದು ಮದುವೆಗೆ ಅಷ್ಟೊಂದು ಜನ ಸತ್ತವರೇ ಕರೆಯುತ್ತಾರೆಯೇ?

ಇದಕ್ಕಿಂತ ಕೆಟ್ಟದ್ದು ಕೊನೆಯಲ್ಲಿತ್ತು. ನನ್ನ ಹೆಸರನ್ನು ನಾನು ಲೂಪಿಗೆ ಹಾಕದೆ, ದಪ್ಪಕ್ಷರದಲ್ಲಿ, ಕೈಯಾರೆ ಬರೆದುಕೊಂಡಿದ್ದೆ. 'ವಿನ್ಯಾಸ ಮತ್ತು ಸುಖಾಗಮನ ಬಯಸುವ ಅಳಿಯ: ಪರಮೇಶ.' ಇಡೀ ಮನೆತನದಲ್ಲಿ ಬದುಕುಳಿದವನು ನಾನೊಬ್ಬನೇ.

ಫೋನು ಒಂದೇ ಸಮನೆ ಹೊಡೆದುಕೊಂಡಿತು. ಬೀಗರು, ಹೀಗಾದ ಮೇಲೆ ಮದುವೆ ಮುಂದಕ್ಕೆ ಹಾಕುವುದೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸೋದರತ್ತೆಯರು ಮರ್ಯಾದೆ ಬಿಟ್ಟು ಕೇಳಿದರು. ಷಡ್ಡಕ ಈ ಸಲ ನಗುವ ಮುಖ ಹಾಕಲಿಲ್ಲ, ಅದೊಂದೇ ಸಮಾಧಾನ. ಸಿಟ್ಟಾಗದವರು ವೀರಭದ್ರಪ್ಪಜ್ಜನ ಹೆಂಡತಿ ಗೌರಮ್ಮಜ್ಜಿ ಒಬ್ಬರೇ. "ಇರ್ಲಿ ಬಿಡ್ರೋ, ನನ್ನ ಅವ್ರ ಪಕ್ಕಕ್ಕೇ ಹಾಕಿದಾನಲ್ಲ" ಎಂದರಂತೆ.

ಗಾಬರಿಯಲ್ಲಿ ಲೂಪಿನಿಂದ 'ದಿ.' ಅನ್ನೇ ಕಿತ್ತು ಬಿಸಾಕಿದೆ. ಎಲ್ಲರೂ ಬದುಕಿದರು. ಅಜ್ಜನೂ ಬದುಕಿದ. ಅದಕ್ಕೂ ಬೈಗುಳ ಬಂತು.

ಶೈಲಾ ಬಯ್ಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೊಡ್ಡಪ್ಪ ಇನ್ನು ಬರಲ್ಲ. ಅಷ್ಟೇ ಅಲ್ವಾ?" ಎಂದಳು. ನನಗೆ ಕಂಪ್ಯೂಟರನ್ನೆತ್ತಿ ಹಿತ್ತಲ ಬಾವಿಗೆ ಹಾಕಬೇಕು ಎನಿಸಿತು. ನನ್ನನ್ನೂ ಅದರ ಹಿಂದೆಯೇ.

ಸಂಜೆ ಮನೆಮುಂದೆ ಬೈಕು ನಿಂತಿತು. ಓಡಿಸುತ್ತಿದ್ದವರು ದೊಡ್ಡಪ್ಪ. ಹಿಂದೆ, ಅಣ್ಣನ ಹೆಗಲು ಹಿಡಿದುಕೊಂಡು, ನನ್ನ ಮಾವ. ಇಬ್ಬರ ಮುಖವೂ ಕೆಂಪಗೆ ಕಾದಿತ್ತು. ಒಬ್ಬರೇ ಬಂದು ಬೈದರೆ ಸಾಲದೆಂದು ಇಬ್ಬರೂ ಕೂಡಿಯೇ ಬಂದಿದ್ದರು. ಶೈಲಾ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತುಬಿಟ್ಟಳು.

ದೊಡ್ಡಪ್ಪ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಎಲ್ಲಾರ್ನೂ ಕಳಿಸಿ ತಾನೊಬ್ಬ ಉಳ್ಕಂಡಿದಾನೆ. ಚನ್ನಾ, ನಾಳೆ ನಾಡಕಚೇರಿಗೆ ಹೋಗಿ ಪಹಣಿ ತೆಗ್ಸು. ನಮ್ಮ ಜಮೀನನ್ನೂ ಸತ್ತೋರದ್ದು ಅಂತ ತನ್ನ ಹೆಸರಿಗೆ ಪೋತಿ ಖಾತೆ ಮಾಡಿಸ್ಕಂಡಿದಾನೇನೋ ನೋಡಣ."

"ಹೌದಣ್ಣ, ನಂಗೂ ಅದೇ ಅನುಮಾನ" ಎಂದರು ಮಾವ.

ಅಣ್ಣ ಎಂದರು! ಶೈಲಾಳ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ. ನಾನು ಲೂಪಿನ ಸಂಗತಿ ವಿವರಿಸಲು ಹೋದೆ. ಪಂಕ್ತಿ, ಬಡಿಸುವವನು ಎಂದೆಲ್ಲ ಹೇಳಿದೆ. ಇಬ್ಬರೂ ಒಟ್ಟಿಗೇ, ಬಾಯಿ ಮುಚ್ಚು ಎಂದರು. ಒಂದೇ ತಟ್ಟೆಯಿಂದ ಮಂಡಕ್ಕಿ ತಿನ್ನುತ್ತಾ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು, ಕತ್ತಲಾಗುವವರೆಗೆ ನನ್ನನ್ನು ಬೈದರು. ಅದೂ ಒಂದು ಲೂಪೇ, ನಿಲ್ಲಿಸುವುದು ಹೇಗೆಂದು ಯಾವ ವಿಡಿಯೊದಲ್ಲೂ ಹೇಳಿಕೊಟ್ಟಿಲ್ಲ.

ಮದುವೆ ಚೆನ್ನಾಗಿ ಆಯಿತು. ಅಣ್ಣ ತಮ್ಮ ಚಪ್ಪರದಲ್ಲಿ ಅಕ್ಕಪಕ್ಕ ನಿಂತೇ ಅಕ್ಷತೆ ಹಾಕಿದರು. ಕಾರ್ಡು ಆನವಟ್ಟಿಯಲ್ಲೇ ಅಚ್ಚಾಗಿತ್ತು, ಷಡ್ಡಕನ ಮೇಲ್ವಿಚಾರಣೆಯಲ್ಲಿ. ವರ್ಷಗಳ ಮೇಲೆ ಆ ಅಣ್ಣ ತಮ್ಮ ಒಮ್ಮತದಿಂದ ಮಾಡಿದ ಮೊದಲ ತೀರ್ಮಾನ ಅದರಲ್ಲಿತ್ತು: ಹಿರಿಯರು, ಕಿರಿಯರು, ಹುಟ್ಟಿ ಮೂರು ತಿಂಗಳಾಗದ ಕೂಸು, ಎಲ್ಲರ ಹೆಸರೂ ಇದೆ, ನನ್ನದಿಲ್ಲ. ಊಟದ ಪಂಕ್ತಿಯಲ್ಲಿ ಬೀಗರ ಕಡೆಯವರೊಬ್ಬರು ಪಕ್ಕದಲ್ಲಿ ಕೂತು, ನೀವು ಯಾರ ಪೈಕಿ ಎಂದು ವಿಚಾರಿಸಿದರು. ಅಳಿಯ, ಪರಮೇಶ ಎಂದೆ. ಅವರು ಜೇಬಿನಿಂದ ಕಾರ್ಡು ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿ ನೋಡಿ, ದನಿ ತಗ್ಗಿಸಿ ಸಮಾಧಾನ ಹೇಳಿದರು.

"ಇರ್ಲಿ ಬಿಡ್ರಿ, ಊಟಕ್ಕೆ ಯಾರಾದ್ರೇನು."